ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಎಚ್ಚರಿಕೆ ಕೊಟ್ಟು ಎಷ್ಟು ಕಾಲವಾಯಿತೋ ತಿಳಿಯದು. ಗಾದೆಯ ಮನಸ್ಸಿನಲ್ಲಿರುವವನು ತಾನು ವಾಸ ಮಾಡುವುದಕ್ಕೆಂದು ಮನೆ ಕಟ್ಟುವ ಗೃಹಸ್ಥ. ತಾನು ವಾಸ ಮಾಡದ ಮನೆಯನ್ನು ಕಟ್ಟಿಸಿ, ಇಲ್ಲವೆ ಕೊಂಡು, ಅದರಲ್ಲಿ ಇನ್ನೊಬ್ಬರ ಸಂಸಾರವನ್ನು ಇಳಿಸಿ, ತಿಂಗಳು ತಿಂಗಳು ಬರುವ ಬಾಡಿಗೆಯಿಂದ ತನ್ನ ಸಂಸಾರವನ್ನು ಸಾಗಿಸಬೇಕೆನ್ನುವವನಿಗೆ ಗಾದೆ ಏನನ್ನೂ ಹೇಳುವುದಿಲ್ಲ. ಆದರೆ ಚರಿತ್ರೆ ಹೇಳುತ್ತದೆ. ಕೇಳುವವರು ಕಡಮೆ, ಅಷ್ಟೆ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ತಂಗಿಯ ಮಗ ಕೈಯಲ್ಲಿ ಬಣ್ಣಬಣ್ಣದ ಜಾಹೀರಾತೊಂದನ್ನು ಹಿಡಿದುಕೊಂಡು ಬಂದ. ಕೆಲಸಕ್ಕೆ ಸೇರಿದ ಏಳು ವರ್ಷಗಳಲ್ಲಿ ಹದಿನೈದು ಲಕ್ಷ ರೂಪಾಯಿ ಉಳಿಸಿದ್ದಾನೆ. ಅಷ್ಟರ ಮಟ್ಟಿಗೆ ಜಾಣ. ‘ಮಾವ, ಊರ ಹೊರಗೆ ಒಂದು ಫ್ಲ್ಯಾಟು ಕೊಂಡು ಬಾಡಿಗೆಗೆ ಬಿಡೋಣ ಅಂತಿದ್ದೀನಿ. ಮಿಕ್ಕ ದುಡ್ಡನ್ನು ಬ್ಯಾಂಕಿನವರು ಕೊಡ್ತಾರೆ. ಎಲ್ಲಿಂದ ಶುರು ಮಾಡಬೇಕು, ನೀವೇ ಹೇಳಿ’ ಎಂದ.

‘ಕೌಟಿಲ್ಯನಿಂದ’ ಎಂದೆ.

ಹುಡುಗ ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ. ಅಂದು ಅವನಿಗೆ ಕಾಫಿಯ ಜೊತೆಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ.

ನೆರೆಯವರ ಮಾತು

ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಮತ್ತೆ ದೊರೆತದ್ದು ನಮ್ಮ ಮೈಸೂರಿನಲ್ಲಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಅಲ್ಲಿಯ ಓರಿಯಂಟಲ್ ಲೈಬ್ರರಿಗೆ ಕೊಟ್ಟರು. ಆರ್. ಶಾಮಾಶಾಸ್ತ್ರಿಗಳು ಅದು ಏನೆಂಬುದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ರಾಜನೀತಿ, ಗೂಢಚಾರಿಕೆ, ಯುದ್ಧ ಇವುಗಳಿಗಾಗಿ ಆ ಗ್ರಂಥವನ್ನು ಎಲ್ಲರೂ ಹೊಗಳಿದರು. ಅದರ ಮೂರನೆಯ ಅಧಿಕರಣದಲ್ಲಿ ಮನೆ, ಹಿತ್ತಲು, ಚರಂಡಿ, ಬಾಡಿಗೆಗಳ ವಿಷಯವಾಗಿ ಬಂದಿರುವ ಪ್ರಕರಣಗಳನ್ನು ಮಾತ್ರ ಅಷ್ಟು ಮಂದಿ ಓದಲಿಲ್ಲ. ಬಾಡಿಗೆ ಮನೆಯಲ್ಲಿ ಇದ್ದವನಿಗೂ ಬಾಡಿಗೆಗೆ ಮನೆ ಕೊಟ್ಟವನಿಗೂ ಅವು ಬಹು ಸ್ವಾರಸ್ಯವಾದ ಪುಟಗಳು.

ಮನೆ ಮಾರುವ ಕ್ರಮವನ್ನು ಕೌಟಿಲ್ಯ ಹೀಗೆ ಹೇಳುತ್ತಾನೆ. ಕೊಳ್ಳುವ ಹಕ್ಕು ಮೊದಲು ದಾಯಾದಿಗಳದು, ಆಮೇಲೆ ನೆರೆಯವರದು, ಆಮೇಲೆ ಸಾಲ ಕೊಟ್ಟವರದು. ಹೊರಗಿನವರ ಸರದಿ ಇವರೆಲ್ಲರ ನಂತರ. ಮಾರಾಟವು ಮನೆಯೊಳಗೆ ಗುಟ್ಟಾಗಿ ನಡೆಯಕೂಡದು. ಸುತ್ತಲಿನ ನಲವತ್ತು ಕುಲಗಳವರ ಎದುರಿನಲ್ಲಿ, ಮನೆಯ ಮುಂದೆಯೇ ನಿಂತು, ಎಲ್ಲೆಗಳನ್ನು ಇದ್ದದ್ದಿದ್ದಂತೆ ಸಾರಿ, ‘ಈ ಬೆಲೆಗೆ ಕೊಳ್ಳುವವರು ಯಾರು?’ ಎಂದು ಮೂರು ಸಲ ಕೂಗಬೇಕು. ಯಾರೂ ತಡೆಯದಿದ್ದರೆ ಕೊಳ್ಳುವವನು ಕೊಳ್ಳಬಹುದು. ಪೈಪೋಟಿಯಿಂದ ಬೆಲೆ ಏರಿತೋ, ಏರಿದ ಭಾಗ ಸುಂಕದೊಡನೆ ರಾಜನ ಬೊಕ್ಕಸಕ್ಕೆ ಹೋಗಬೇಕು. ಮನೆ ಹೊಲಗಳ ಎಲ್ಲ ವ್ಯಾಜ್ಯಗಳಿಗೂ ನೆರೆಯವರ ಮಾತೇ ಪ್ರಮಾಣ.

ಇವುಗಳನ್ನು ಇಂದಿನ ಮಾತಿಗೆ ತಿರುಗಿಸಿಕೊಂಡರೆ ಹೊಸದಾಗಿ ಮನೆ ಕೊಳ್ಳುವವನು ಮೊದಲು ಕಲಿಯಬೇಕಾದ ಪಾಠಗಳೇ ಆಗುತ್ತವೆ. ಮಾರುವವನಿಗೆ ಮಾರುವ ಹಕ್ಕು ಇದೆಯೆ? ದಾಯಾದಿಗಳ ಪಾಲು ಉಳಿದಿದೆಯೆ? ಮನೆಯ ಮೇಲೆ ಸಾಲವಿದೆಯೆ? ಎಲ್ಲೆ ಎಲ್ಲಿಯವರೆಗೆ? ಇಂದು ಈ ಕೆಲಸವನ್ನು ಕ್ರಯಪತ್ರ, ಮೂಲಪತ್ರ, ಋಣಭಾರ ಪತ್ರಗಳಿಂದ ಮಾಡಿಕೊಳ್ಳುತ್ತೇವೆ. ಅಂದು ನಲವತ್ತು ಕುಲಗಳವರ ಕಣ್ಣು ಕಿವಿಗಳೇ ಸಬ್‌ರಿಜಿಸ್ಟ್ರಾರ್ ಕಚೇರಿ. ಕಾಗದಕ್ಕೆ ಮರೆವಿಲ್ಲ, ನಿಜ. ಆದರೆ ಯಾರೂ ಕೇಳದಿದ್ದರೆ ಅದು ತಾನಾಗಿ ಬಾಯಿ ಬಿಡುವುದೂ ಇಲ್ಲ. ನೆರೆಯವರು ಹಾಗಲ್ಲ.

ಬಾಡಿಗೆಯ ವಿಷಯದಲ್ಲಿ ಕೌಟಿಲ್ಯನ ತಕ್ಕಡಿ ಇನ್ನೂ ಸೂಕ್ಷ್ಮವಾದದ್ದು. ಬಿಡು ಎಂದ ಮೇಲೂ ಬಿಡದೆ ಕುಳಿತ ಬಾಡಿಗೆದಾರನಿಗೆ ಹನ್ನೆರಡು ಪಣ ದಂಡ. ಬಾಡಿಗೆ ಕೊಡುತ್ತಿರುವವನನ್ನು ಹೊರಕ್ಕೆ ಹಾಕಿದ ಯಜಮಾನನಿಗೂ ಅದೇ ಹನ್ನೆರಡು ಪಣ. ಬೈಗುಳ, ಹೊಡೆದಾಟ, ಕಳ್ಳತನ, ದರೋಡೆ ಮುಂತಾದ ತಪ್ಪುಗಳಿದ್ದರೆ ಮಾತ್ರ ಯಜಮಾನ ದಂಡಕ್ಕೆ ಗುರಿಯಲ್ಲ. ತಾನಾಗಿ ಬಿಟ್ಟು ಹೋಗುವ ಬಾಡಿಗೆದಾರ ಆ ವರ್ಷದ ಉಳಿದ ಬಾಡಿಗೆಯನ್ನು ಕೊಟ್ಟು ಹೋಗಬೇಕು. ಈ ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಅದು ಹಲವು ನೂರು ವರ್ಷಗಳ ನಗರ ಜೀವನವನ್ನು ಕಂಡವರ ಬರಹವೆಂಬುದರಲ್ಲಿ ಸಂದೇಹವಿಲ್ಲ. ಯಜಮಾನ ಬಾಡಿಗೆದಾರರ ಜಗಳ ನಮ್ಮ ಕಾಲದ್ದೆಂದು ತಿಳಿದವರು ಈ ಸೂತ್ರಗಳನ್ನು ಒಮ್ಮೆ ನೋಡಬೇಕು.

ರೋಮಿನ ಇಬ್ಬರು

ಅತ್ತ ರೋಮ್ ನಗರದಲ್ಲಿಯೂ ಬಾಡಿಗೆ ಮನೆ ದೊಡ್ಡ ವ್ಯಾಪಾರವಾಗಿತ್ತು. ಅಲ್ಲಿಯ ಇಬ್ಬರನ್ನು ಈ ದಾರಿಗೆ ಇಳಿಯುವವನು ನೆನಪಿನಲ್ಲಿಡುವುದು ಒಳ್ಳೆಯದು. ಒಬ್ಬ ಕ್ರಾಸಸ್. ಊರಿನಲ್ಲಿ ಬೆಂಕಿ ಬಿದ್ದಾಗ ಉರಿಯುತ್ತಿರುವ ಮನೆಯನ್ನೂ ಅದರ ನೆರೆಯ ಮನೆಗಳನ್ನೂ ಹೆದರಿದ ಯಜಮಾನರಿಂದ ಅಗ್ಗದ ಬೆಲೆಗೆ ಕೊಳ್ಳುತ್ತಿದ್ದನಂತೆ. ಕಟ್ಟಡದ ಕೆಲಸ ಬಲ್ಲ ಐನೂರಕ್ಕೂ ಹೆಚ್ಚು ಗುಲಾಮರು ಅವನಲ್ಲಿದ್ದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ರೋಮಿನ ಬಹುಭಾಗ ಹೀಗೆ ಅವನ ಕೈಸೇರಿತಂತೆ.

ಇನ್ನೊಬ್ಬ ಮಹಾ ವಾಗ್ಮಿ ಸಿಸೆರೊ. ಕ್ರಿ.ಪೂ. 44ರಲ್ಲಿ ಅವನು ತನ್ನ ಗೆಳೆಯ ಆಟಿಕಸ್‌ನಿಗೆ ಬರೆದ ಕಾಗದವೊಂದರಲ್ಲಿ ತನ್ನ ಬಾಡಿಗೆಯ ಕಟ್ಟಡಗಳಲ್ಲಿ ಎರಡು ಕುಸಿದವೆಂದೂ, ಮಿಕ್ಕವು ಬಿರುಕು ಬಿಟ್ಟಿವೆಯೆಂದೂ, ಬಾಡಿಗೆದಾರರಷ್ಟೇ ಅಲ್ಲದೆ ಇಲಿಗಳೂ ಮನೆ ಬಿಟ್ಟಿವೆಯೆಂದೂ ನಗುತ್ತ ಹೇಳಿಕೊಂಡಿದ್ದಾನೆ. ನಷ್ಟವನ್ನೇ ಲಾಭಕ್ಕೆ ತಿರುಗಿಸುವ ಉಪಾಯವನ್ನು ಇನ್ನೊಬ್ಬರು ಹೇಳಿಕೊಟ್ಟಿದ್ದಾರೆಂದು ಸಮಾಧಾನ ಪಟ್ಟುಕೊಂಡಿದ್ದಾನೆ. ಅವನು ನಗಬಲ್ಲವನಾಗಿದ್ದ. ಆ ಮನೆಗಳ ಒಳಗೆ ಮಲಗಿದವರು ಇಲಿಗಳ ಜೊತೆಯಲ್ಲಿ ಹೊರಬಿದ್ದಾಗ ಏನು ಹೇಳಿದರೆಂಬುದು ಕಾಗದದಲ್ಲಿಲ್ಲ.

ಒಬ್ಬನದು ಪರರ ಸಂಕಟವನ್ನು ಕೊಂಡ ಬಂಡವಾಳ, ಇನ್ನೊಬ್ಬನದು ತಾನು ಕಣ್ಣಿಟ್ಟು ನೋಡದ ಬಂಡವಾಳ. ಈ ಎರಡು ದಾರಿಗಳೂ ಇಂದಿಗೂ ತೆರೆದೇ ಇವೆ. ನಮ್ಮ ಸಾಮಾನ್ಯ ಗೃಹಸ್ಥರು ಹಿಡಿದ ದಾರಿ ಮೂರನೆಯದು. ಅದನ್ನು ನೋಡಲು ಬೆಂಗಳೂರಿಗೆ ಬರಬೇಕು.

ಸಂಬಳ ಬಂದಲ್ಲಿ ಬಾಡಿಗೆ

ಕನ್ನಡ ನಾಡಿನ ಶಾಸನಗಳಲ್ಲಿ ಮನೆಯ ನಿವೇಶನದ ಮಾತು ಬೇಕಾದಷ್ಟು ಬರುತ್ತದೆ. ಅಗ್ರಹಾರದಲ್ಲಿ, ದೇವಸ್ಥಾನದ ಬೀದಿಯಲ್ಲಿ ಇಷ್ಟು ಕೈ ಉದ್ದ ಇಷ್ಟು ಕೈ ಅಗಲದ ನಿವೇಶನವನ್ನು ದಾನ ಕೊಟ್ಟಂತೆ, ಕೊಂಡಂತೆ ಬರೆದಿದೆ. ಮನೆದೆರೆ, ಮನೆವಣ ಎಂಬ ಮನೆಯ ತೆರಿಗೆಗಳೂ ಇದ್ದವು. ಆದರೆ ಅಲ್ಲಿ ಮನೆಯೆಂದರೆ ವೃತ್ತಿಗೆ, ಕುಲಕ್ಕೆ, ದೇವರ ಸೇವೆಗೆ ಅಂಟಿಕೊಂಡದ್ದು. 1537ರಲ್ಲಿ ಕೆಂಪೇಗೌಡರು ಕಟ್ಟಿದರೆನ್ನುವ ಬೆಂಗಳೂರು ಪೇಟೆಯೂ ಹಾಗೆಯೇ ಬೆಳೆಯಿತು. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆಗಳಲ್ಲಿ ಕಸಬು ಮುಂದಿನ ಜಗಲಿಯಲ್ಲಿ, ಸಂಸಾರ ಹಿಂದಿನ ನಡುಮನೆಯಲ್ಲಿ.

ಬಾಡಿಗೆಯ ವ್ಯಾಪಾರ ದೊಡ್ಡದಾಗಿ ಬೆಳೆಯುವುದು ಊರಿಗೆ ಅಪರಿಚಿತರು ಬಂದಾಗ, ಅದೂ ತಿಂಗಳ ಸಂಬಳವನ್ನು ಕೈಯಲ್ಲಿ ಹಿಡಿದು ಬಂದಾಗ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ಹಲಸೂರಿನ ಕಡೆ ನೆಲೆಸಿತು. ದಂಡಿನ ಹಿಂದೆಯೇ ಬಟ್ಲರು, ದರ್ಜಿ, ಗಾಡಿಯವ, ಗುಮಾಸ್ತ ಎಲ್ಲರೂ ಬಂದರು. 1896ರಲ್ಲಿ ಇಲ್ಲಿಗೆ ಬಂದ ತರುಣ ಅಧಿಕಾರಿ ವಿನ್ಸ್‌ಟನ್ ಚರ್ಚಿಲ್ ತನ್ನ ಆತ್ಮಕಥೆಯಲ್ಲಿ ಇದನ್ನು ವಿವರಿಸಿದ್ದಾನೆ. ಅಧಿಕಾರಿಗಳಿಗೆ ಸರ್ಕಾರ ಮನೆ ಕೊಡುತ್ತಿರಲಿಲ್ಲ, ವಸತಿ ಭತ್ಯೆ ಕೊಡುತ್ತಿತ್ತು. ಅವನೂ ಅವನ ಇಬ್ಬರು ಜೊತೆಗಾರರೂ ಹಣ ಕೂಡಿಸಿ ದೊಡ್ಡ ಬಂಗಲೆಯೊಂದನ್ನು ಹಿಡಿದರು. ಇಂದು ಮೂವರು ಹುಡುಗರು ಕೂಡಿ ಒಂದು ಫ್ಲ್ಯಾಟು ಹಿಡಿಯುವುದು ಹೊಸದೆಂದು ತಿಳಿಯುವವರಿಗೆ ಇದು ಒಂದು ಉತ್ತರ. ಭತ್ಯೆ ಎಂಬ ಒಂದು ಪದ ಎಷ್ಟು ಮನೆಗಳನ್ನು ಕಟ್ಟಿಸಿತೋ!

ಇತ್ತ ಪೇಟೆಯ ಕಡೆ 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು. ಕಚೇರಿಗಳು, ಶಾಲೆಗಳು, ರೈಲು, ಗಿರಣಿಗಳು ಬೆಳೆದವು. ಊರೂರಿನ ಗುಮಾಸ್ತರೂ ಮೇಷ್ಟರೂ ಬಂದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ನೇರವಾದ ಬೀದಿಗಳಿಂದ ಎದ್ದಿತು. ಆಮೇಲೆ ಬಂತು ಪ್ಲೇಗು.

ಯಾರಿಗೂ ಬೇಡವಾಗಿದ್ದ ನಿವೇಶನ

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿತು. ಗಾಳಿ ಬೆಳಕಿಲ್ಲದ ಪೇಟೆಯ ಗಲ್ಲಿಗಳಿಂದ ಜನ ಗುಡಿಸಲುಗಳಿಗೆ, ಹಳ್ಳಿಗಳಿಗೆ ಓಡಿದರು. 1891ರಲ್ಲಿ ಪೇಟೆ ಮತ್ತು ದಂಡು ಎರಡೂ ಸೇರಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಗರ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡು ಕುಗ್ಗಿತ್ತು.

ಪೇಟೆಯ ದಕ್ಷಿಣಕ್ಕೆ ಬಸವನಗುಡಿಯೂ ಉತ್ತರಕ್ಕೆ ಮಲ್ಲೇಶ್ವರವೂ ಬಡಾವಣೆಗಳಾಗಿ ನೆಲೆಗೊಂಡದ್ದು ಈ ಸಂಕಟದ ಕಾಲದಲ್ಲಿ. ಅಗಲವಾದ ರಸ್ತೆ, ಮನೆಯ ಹಿಂದೆ ಜಾಡಮಾಲಿಗಳು ಓಡಾಡುವ ಕಿರುಗಲ್ಲಿ, ಸುತ್ತ ಖಾಲಿ ಜಾಗ, ಗಾಳಿ, ಬೆಳಕು. ನಿವೇಶನಗಳಿದ್ದರೂ ಹೋಗುವುದಕ್ಕೆ ಮೊದಲು ಜನ ಹಿಂದೆಮುಂದೆ ನೋಡಿದರು. ಸಂಜೆಯಾದ ಮೇಲೆ ಅತ್ತ ಕಡೆ ಕಾಲಿಡಲು ಹೆದರಿಕೆಯಾಗುತ್ತಿತ್ತೆಂದು ನಾವು ಚಿಕ್ಕವರಿದ್ದಾಗ ಮನೆಯ ಹಿರಿಯರು ಹೇಳುತ್ತಿದ್ದರು. ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಮನೆ ಕಟ್ಟಿದವರು ಕತ್ತಲೆಯನ್ನೂ ಸೇರಿಸಿಯೇ ಕೊಂಡವರು.

ಇಂದು ಆ ಬಡಾವಣೆಗಳ ನೆಲದ ಬೆಲೆಯನ್ನು ಕೇಳಿ ‘ಅಂದಿನವರು ಎಂಥ ಅದೃಷ್ಟವಂತರು’ ಎನ್ನುತ್ತೇವೆ. ಅದೃಷ್ಟವಿರಲಿಲ್ಲವೆಂದಲ್ಲ. ಆದರೆ ಬೆಲೆ ಏರುವುದೆಂಬ ನಂಬಿಕೆಯಿಂದ ಕೊಂಡವರಿಗಿಂತ, ಮಕ್ಕಳು ಬದುಕಿದರೆ ಸಾಕೆಂದು ಕೊಂಡವರು ಹೆಚ್ಚು. ಲಾಭ ಬಂದದ್ದು ಮೂವತ್ತು ನಲವತ್ತು ವರ್ಷಗಳ ಮೇಲೆ, ಬಹುಮಟ್ಟಿಗೆ ಅವರ ಮಕ್ಕಳ ಕೈಗೆ. ಮನೆಯ ಬಂಡವಾಳದಲ್ಲಿ ಮುಖ್ಯವಾದ ಅಂಶ ಕಾಲ. ಜಾಹೀರಾತಿನಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ವಠಾರ

ನಮ್ಮ ಸಣ್ಣ ಗೃಹಸ್ಥ ಕಂಡುಕೊಂಡ ಮೂರನೆಯ ದಾರಿಯ ಹೆಸರು ವಠಾರ. ಬೆಂಗಳೂರು ಮೈಸೂರುಗಳಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಬೀದಿಯ ಕಡೆಗೆ ಯಜಮಾನರ ಮನೆ. ಪಕ್ಕದಲ್ಲಿ ಒಂದು ಓಣಿ. ಓಣಿಯುದ್ದಕ್ಕೆ ಅಥವಾ ಅಂಗಳದ ಸುತ್ತ ಒಂದೊಂದು ಕೋಣೆ, ಒಂದೊಂದು ಅಡಿಗೆಮನೆಯ ನಾಲ್ಕೈದು ಬಿಡಾರ. ಎಲ್ಲರಿಗೂ ಒಂದೇ ಬಾವಿ, ಆಮೇಲೆ ಒಂದೇ ನಲ್ಲಿ. ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಗುರವಾದ, ಹುಲ್ಲಿನಂತೆ ಬೆಂಕಿಗೆ ಹೆದರದ ಮಾಡು ಸಾಮಾನ್ಯರಿಗೂ ಎಟುಕುವಂತಾಯಿತು.

ಆ ವಠಾರಗಳು ಹೇಗೆ ಎದ್ದವು? ಒಂದೇ ಸಲಕ್ಕಲ್ಲ. ಮೊದಲು ಮುಂದಿನ ಮನೆ. ಕೆಲವು ವರ್ಷಗಳ ಉಳಿತಾಯದಿಂದ ಹಿತ್ತಲಿನಲ್ಲಿ ಒಂದು ಬಿಡಾರ. ಅದರ ಬಾಡಿಗೆಯಿಂದ ಇನ್ನೊಂದು. ನಡುವೆ ಒಂದು ಮದುವೆ, ಒಂದು ಬಾಣಂತನ, ಒಂದು ಕಾಯಿಲೆ ಬಂದರೆ ಗೋಡೆ ಎದೆಯೆತ್ತರಕ್ಕೆ ನಿಂತುಬಿಡುತ್ತಿತ್ತು. ಹೆಂಡತಿಯ ಬಳೆ ಅಡವಿಗೆ ಹೋದದ್ದೂ ಉಂಟು. ಪಿಂಚಣಿಯಿಲ್ಲದ ಕೆಲಸದಿಂದ ನಿವೃತ್ತರಾದವರಿಗೆ ಆ ಬಿಡಾರಗಳೇ ಪಿಂಚಣಿ. ಮನೆಯ ಯಜಮಾನ ತೀರಿಕೊಂಡ ಮೇಲೆ ವಿಧವೆಗೆ ಯಾರ ಮುಂದೆಯೂ ಕೈಚಾಚದೆ ಮಕ್ಕಳನ್ನು ಓದಿಸಲು ದಾರಿಯಾದದ್ದೂ ಅವೇ. ನಮ್ಮ ನಗರಗಳ ಬಡ ಮಧ್ಯಮ ವರ್ಗದ ಎಷ್ಟು ಮಂದಿ ವಿದ್ಯಾವಂತರು ಹಿತ್ತಲಿನ ಬಿಡಾರಗಳ ಬಾಡಿಗೆಯಿಂದ ಓದಿದರೋ ಲೆಕ್ಕವಿಟ್ಟವರಿಲ್ಲ.

ಯಜಮಾನರೂ ಅದೇ ಅಂಗಳದಲ್ಲಿ ಇರುತ್ತಿದ್ದುದರಿಂದ ಮಾಡು ಸೋರಿದರೆ ಮೊದಲು ಕೇಳಿಸುವುದು ಅವರಿಗೇ. ಬಾಡಿಗೆ ತಡವಾದರೆ ಕಾರಣವೂ ಅವರಿಗೆ ಗೊತ್ತು, ಏಕೆಂದರೆ ಆ ಮನೆಯ ಒಲೆ ಹೊತ್ತದ್ದು ಹೊತ್ತದಿದ್ದದ್ದು ಕಾಣುತ್ತಿತ್ತು. ಇದನ್ನು ಸ್ವರ್ಗವೆಂದು ಹೇಳುತ್ತಿಲ್ಲ. ನಲ್ಲಿಯ ನೀರಿಗೆ ಜಗಳ, ದೀಪ ಆರಿಸುವ ಹೊತ್ತಿಗೆ ಕಟ್ಟಳೆ, ಜಾತಿ ಕೇಳಿ ಮನೆ ಕೊಡುವ ಅನ್ಯಾಯ, ಎಲ್ಲವೂ ಇದ್ದವು. ಕೊನೆಯದು ಈಗಲೂ ಬೇರೆ ಬೇರೆ ನೆಪಗಳಲ್ಲಿ ಉಳಿದಿದೆ. ಆದರೂ ತಾನು ಯಾರ ತಲೆಯ ಮೇಲೆ ಮಾಡು ಹೊದಿಸಿದ್ದೇನೆಂಬುದು ವಠಾರದ ಯಜಮಾನನಿಗೆ ಗೊತ್ತಿತ್ತು. ಸಿಸೆರೊವಿಗೆ ಗೊತ್ತಿರಲಿಲ್ಲ.

ಕೈಯಲ್ಲಿ ಇಡುಗಂಟಿದ್ದ ಬಾಡಿಗೆದಾರನಿಗೂ ಸಾಲ ಬೇಕಾಗಿದ್ದ ಯಜಮಾನನಿಗೂ ನಡುವೆ ಇನ್ನೊಂದು ಏರ್ಪಾಡು ಉಂಟು: ಭೋಗ್ಯ. ಬಾಡಿಗೆದಾರ ದೊಡ್ಡ ಮೊತ್ತವೊಂದನ್ನು ಕೊಟ್ಟು ಬಾಡಿಗೆಯಿಲ್ಲದೆ ವಾಸ ಮಾಡುತ್ತಾನೆ. ಗಡುವು ಮುಗಿದಾಗ ಬಡ್ಡಿಯಿಲ್ಲದೆ ಅಷ್ಟೇ ಹಣವನ್ನು ಹಿಂದಕ್ಕೆ ಪಡೆಯುತ್ತಾನೆ. ಬಡ್ಡಿಗೂ ಬಾಡಿಗೆಗೂ ವಜಾ. ಈ ಪದ ಬಹು ಹಳೆಯದು. ಅಡವಿಟ್ಟ ವಸ್ತುವನ್ನು ಕಾಪಾಡಿ ಇಡುವ ‘ಗೋಪ್ಯ’ವೆಂದೂ, ಅನುಭವಿಸಬಹುದಾದ ‘ಭೋಗ್ಯ’ವೆಂದೂ ವಿಂಗಡಿಸಿ ವಿವರಿಸಿದವರಲ್ಲಿ ವಿಜ್ಞಾನೇಶ್ವರ ಮುಖ್ಯ. ಅವನು ಮಿತಾಕ್ಷರವನ್ನು ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ನಮ್ಮ ಬಸವಕಲ್ಯಾಣದಲ್ಲಿ. ಭೋಗ್ಯದ ಹಣವನ್ನು ಖರ್ಚು ಮಾಡಿಕೊಂಡು ಗಡುವಿನ ದಿನ ತಲೆಯ ಮೇಲೆ ಕೈ ಹೊತ್ತು ಕೂರುವ ಯಜಮಾನರು ಮಾತ್ರ ಎಲ್ಲ ಶತಮಾನಗಳಲ್ಲಿಯೂ ಇದ್ದಿರಬೇಕು.

ಕೂಡಿ ಕಟ್ಟಿದವರು

ಒಬ್ಬನಿಂದಾಗದ್ದನ್ನು ಹಲವರು ಕೂಡಿ ಮಾಡುವ ಯತ್ನವೂ ಇಲ್ಲಿಯೇ ನಡೆಯಿತು. ಶಾಮಾಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದ 1909ರಲ್ಲಿಯೇ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ನೋಂದಣಿಯಾಯಿತು. ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಅದನ್ನು ಎಣಿಸುತ್ತಾರೆ. 1915ರಲ್ಲಿ ಮುಂಬಯಿಯ ಗಾಂದೇವಿಯಲ್ಲಿ ಸಾರಸ್ವತ ಸಹಕಾರ ಗೃಹ ಸಂಘ ಹುಟ್ಟಿತು. ಅದರ ಮುಂದಾಳು ಶ್ರೀಪಾದ ಸುಬ್ಬರಾವ್ ತಲ್ಮಕಿ. ಕೆನರಾ ಸೀಮೆಯಿಂದ ಗುಮಾಸ್ತಿಕೆಗೆಂದು ಮುಂಬಯಿಗೆ ಹೋದ ಸಾರಸ್ವತ ಕುಟುಂಬಗಳು ಚಾಳಿನ ಒಂದು ಕೋಣೆಯಿಂದ ಪಾರಾಗಲು ಕಂಡುಕೊಂಡ ದಾರಿ ಅದು. ಸಂಘವೇ ಯಜಮಾನ, ಸದಸ್ಯರೇ ಬಾಡಿಗೆದಾರರು. ಬಾಡಿಗೆ ಯಾರ ಜೇಬಿಗೆ ಹೋಗಬೇಕೆಂಬ ಹಳೆಯ ಜಗಳಕ್ಕೆ ಇದಕ್ಕಿಂತ ಸೌಮ್ಯವಾದ ಪರಿಹಾರವನ್ನು ನಾನು ಕಂಡಿಲ್ಲ.

ಯುದ್ಧ, ಕಾಯಿದೆ, ಸೋರುವ ಮಾಡು

ಎರಡು ಮಹಾಯುದ್ಧಗಳು ಬಾಡಿಗೆ ಮನೆಯ ಕತೆಯನ್ನು ತಿರುಗಿಸಿಬಿಟ್ಟವು. ಮೊದಲನೆಯದರ ಕೊನೆಗೆ, 1918ರಲ್ಲಿ, ಮುಂಬಯಿಯಲ್ಲಿ ಬಾಡಿಗೆಯನ್ನು ಕಟ್ಟುಮಾಡುವ ಕಾಯಿದೆ ಬಂತು. ಎರಡನೆಯದರ ಕಾಲಕ್ಕೆ ಬೆಂಗಳೂರು ಕಾರ್ಖಾನೆಗಳ ಊರಾಯಿತು. ವಿಮಾನ ಕಾರ್ಖಾನೆ 1940ರಲ್ಲಿ ಆರಂಭವಾಯಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನ 1951ರ ಹೊತ್ತಿಗೆ ಸುಮಾರು 7 ಲಕ್ಷ 79 ಸಾವಿರವಾದರು. ಮನೆಗಳು ಅಷ್ಟು ಬೇಗ ಹುಟ್ಟಲಿಲ್ಲ. ಬೆಂಗಳೂರಿನಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪನೆಯಾದದ್ದು 1945ರಲ್ಲಿ. ಮೈಸೂರಿನಲ್ಲಿ ಅಂಥದು 1903ರಲ್ಲಿಯೇ ಇತ್ತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಆದರೂ ಬಾಡಿಗೆ ಏರಿತು. ಸರ್ಕಾರ ಕೈಹಾಕಲೇಬೇಕಾಯಿತು. 1951ರ ಮೈಸೂರು ಕಾಯಿದೆ, ಅದರ ಬದಲಿಗೆ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಂದವು. ಖಾಲಿಯಾದ ಮನೆಯ ವಿಷಯವನ್ನು ಯಜಮಾನ ಕಂಟ್ರೋಲರಿಗೆ ತಿಳಿಸಬೇಕು. ನ್ಯಾಯವಾದ ಬಾಡಿಗೆಯನ್ನು ಅಧಿಕಾರಿಯಿಂದ ಗೊತ್ತುಮಾಡಿಸಿಕೊಳ್ಳಬಹುದು. ಬಾಡಿಗೆ ನಿಲ್ಲಿಸಿದರೆ, ಒಳಬಾಡಿಗೆಗೆ ಕೊಟ್ಟರೆ, ಮನೆ ಕೆಡಿಸಿದರೆ, ಯಜಮಾನನಿಗೇ ನಿಜವಾಗಿ ಮನೆ ಬೇಕಾದರೆ, ಇಂಥ ಕಾರಣಗಳಿದ್ದರೆ ಮಾತ್ರ ಬಿಡಿಸಬಹುದು. ಕೌಟಿಲ್ಯನ ಪಟ್ಟಿಯ ನೆನಪಾಗುವುದಿಲ್ಲವೆ?

ಕಾಯಿದೆ ಸಾವಿರಾರು ಬಡ ಸಂಸಾರಗಳನ್ನು ಬೀದಿಗೆ ಬೀಳದಂತೆ ಕಾಪಾಡಿತು. ಇದನ್ನು ಮರೆತು ಮಾತನಾಡುವುದು ಕೃತಘ್ನತೆ. ಆದರೆ ವರ್ಷಗಳು ಉರುಳಿದಂತೆ ಅದೇ ಕಾಯಿದೆ ಹಿತ್ತಲಿನ ಬಿಡಾರಗಳನ್ನೇ ನಂಬಿದ್ದ ವಿಧವೆಯನ್ನೂ ನೂರು ಮನೆಗಳ ಸಾಹುಕಾರನನ್ನೂ ಒಂದೇ ಕೋಲಿನಿಂದ ಅಳೆಯಿತು. ಹಳೆಯ ಬಾಡಿಗೆಯಲ್ಲಿ ಹೊಸ ಹೆಂಚು ಬರುವುದಿಲ್ಲ. ಯಜಮಾನ ದುರಸ್ತಿ ನಿಲ್ಲಿಸಿದ, ಬಾಡಿಗೆದಾರ ಸೋರುವ ಮಾಡಿನ ಕೆಳಗೆ ಪಾತ್ರೆಯಿಟ್ಟು ಮೊಕದ್ದಮೆ ನಡೆಸಿದ. ಹೊಸ ಮನೆ ಕೊಡುವಾಗ ದೊಡ್ಡ ಮುಂಗಡ ಕೇಳುವ ಚಾಳಿ ಬೆಳೆಯಿತು. ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾದುದರಿಂದ, ಹನ್ನೊಂದು ತಿಂಗಳ ಕರಾರು ಎಂಬ ನಮ್ಮ ದೇಶದ ವಿಚಿತ್ರ ಪಂಚಾಂಗ ಹುಟ್ಟಿತು. 1999ರ ಹೊಸ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದು, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಅಷ್ಟು ಹೊತ್ತಿಗೆ ಎಷ್ಟೋ ವಠಾರಗಳು ಬಿದ್ದು ಆ ಜಾಗದಲ್ಲಿ ಮಹಡಿಗಳು ಎದ್ದಿದ್ದವು.

ಅಳಿಯನ ಲೆಕ್ಕ

ಇಷ್ಟನ್ನು ಹೇಳಿ, ನನ್ನ ಅಳಿಯನ ಮುಂದೆ ಒಂದು ಹಾಳೆ ಇಟ್ಟೆ. ಅವನು ನೋಡಿದ್ದ ಫ್ಲ್ಯಾಟಿಗೆ ಅರವತ್ತು ಲಕ್ಷ. ಬರಬಹುದಾದ ಬಾಡಿಗೆ ತಿಂಗಳಿಗೆ ಹದಿನೆಂಟು ಸಾವಿರ, ಎಂದರೆ ವರ್ಷಕ್ಕೆ 2 ಲಕ್ಷ 16 ಸಾವಿರ. ನೂರಕ್ಕೆ ಮೂರೂವರೆಗೆ ಸ್ವಲ್ಪ ಹೆಚ್ಚು. ನಲವತ್ತೈದು ಲಕ್ಷ ಸಾಲಕ್ಕೆ ನೂರಕ್ಕೆ ಎಂಟರಂತೆ ಮೊದಲ ವರ್ಷದ ಬಡ್ಡಿಯೇ ಸುಮಾರು 3 ಲಕ್ಷ 60 ಸಾವಿರ. ಅಸಲಿನ ಮಾತು ಬೇರೆ. ಕಂದಾಯ, ಬಣ್ಣ, ಸಂಘದ ವಂತಿಗೆ, ಬಾಡಿಗೆದಾರರಿಲ್ಲದ ತಿಂಗಳು ಇವೂ ಬೇರೆ. ಬಡ್ಡಿಯೊಂದಕ್ಕೇ ತಿಂಗಳಿಗೆ ಹನ್ನೆರಡು ಸಾವಿರ ಅವನು ಕೈಯಿಂದ ಹಾಕಬೇಕು.

‘ಬೆಲೆ ಏರುತ್ತಲ್ಲ, ಮಾವ?’ ಎಂದ.

ಏರಬಹುದು. ಬಸವನಗುಡಿಯಲ್ಲಿ ಏರಿತು. ಆದರೆ ಅಂದು ಅಲ್ಲಿ ಕೊಂಡ ಗೃಹಸ್ಥ ಬೆಲೆ ಏರುವ ತನಕ ಬದುಕುವುದಕ್ಕೆ ಬೇರೆ ದಾರಿಯಿಟ್ಟುಕೊಂಡಿದ್ದ. ಸಂಬಳದಿಂದ ಹೆಚ್ಚು ಕಾಲ ದೂರವಿರದ ಸಾಲ ಮಾಡಿದ, ಒಂದೊಂದೇ ಬಿಡಾರ ಕಟ್ಟಿದ. ಸಾಮಾನ್ಯ ನೌಕರನಿಗೆ ದೀರ್ಘಾವಧಿಯ ಗೃಹಸಾಲ ಸುಲಭವಾಗತೊಡಗಿದ್ದು 1977ರಲ್ಲಿ ಎಚ್‌ಡಿಎಫ್‌ಸಿ ಹುಟ್ಟಿದ ನಂತರದ ಮಾತು. ಅದು ಒಳ್ಳೆಯದೇ. ಮೂವತ್ತರಲ್ಲಿ ಸ್ವಂತ ಮನೆ ಕಂಡವರು ಅದಕ್ಕೆ ಕೈಮುಗಿಯಬೇಕು. ಆದರೆ ವಾಸದ ಮನೆಗೆ ಮಾಡುವ ಸಾಲ ಒಂದು, ಬಾಡಿಗೆ ಬರುವುದೆಂಬ ನೆಚ್ಚಿಕೆಯ ಮೇಲೆ ಮಾಡುವ ಸಾಲ ಇನ್ನೊಂದು. ಮೊದಲನೆಯದರಲ್ಲಿ ಮನೆಯಾದರೂ ನಮ್ಮ ತಲೆಯ ಮೇಲಿರುತ್ತದೆ.

ಕಾಗದದ ಮಾತನ್ನೂ ಹೇಳಿದೆ. ಖಾತೆ ಎಂಬುದು ಕಂದಾಯದ ಲೆಕ್ಕ, ಹಕ್ಕುಪತ್ರವಲ್ಲ. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳು ಎಷ್ಟು ಮಂದಿಯ ನಿದ್ರೆ ಕೆಡಿಸಿವೆಯೆಂಬುದು ಊರಿಗೇ ಗೊತ್ತು. ಕಟ್ಟುವವರು ಯೋಜನೆಯನ್ನು ನೋಂದಾಯಿಸಿ, ಕೊಳ್ಳುವವರಿಂದ ಬಂದ ಹಣದ ನೂರಕ್ಕೆ ಎಪ್ಪತ್ತನ್ನು ಬೇರೆ ಖಾತೆಯಲ್ಲಿಡಬೇಕೆಂದು 2016ರ ಕೇಂದ್ರ ಕಾಯಿದೆ ಹೇಳುತ್ತದೆ. ನೋಂದಣಿಯಾಗಿದೆಯೇ ನೋಡು. ವಕೀಲರಿಗೆ ಮೂಲಪತ್ರದಿಂದ ಎಲ್ಲವನ್ನೂ ತೋರಿಸು. ಇವೆಲ್ಲ ಆದ ಮೇಲೆ ಅಕ್ಕಪಕ್ಕದವರನ್ನು ಕೇಳು. ನಲವತ್ತು ಮನೆ ಬೇಡ, ನಾಲ್ಕು ಮನೆ ಸಾಕು.

ಕೊನೆಗೆ ಹೇಳಿದ್ದು, ನನಗೆ ಮುಖ್ಯವೆನಿಸಿದ್ದು, ಇದು. ಷೇರಿನ ಕಾಗದಕ್ಕೆ ಹಸಿವಿಲ್ಲ, ಚಿನ್ನದ ಗಟ್ಟಿಗೆ ಮಕ್ಕಳಿಲ್ಲ. ಬಾಡಿಗೆ ಮನೆಯ ಬಂಡವಾಳದ ಒಳಗೆ ಮಾತ್ರ ಒಂದು ಸಂಸಾರ ಒಲೆ ಹಚ್ಚಿಕೊಂಡು ಕುಳಿತಿರುತ್ತದೆ. ಒಂದು ತಿಂಗಳು ಆ ಒಲೆ ಹೊತ್ತದಿದ್ದರೆ ತಾಳಿಕೊಳ್ಳುವ ಶಕ್ತಿ ನಿನ್ನ ಕೈಗೂ ಮನಸ್ಸಿಗೂ ಇರುವಷ್ಟು ಸಣ್ಣದಾಗಿ ಶುರು ಮಾಡು. ತಾಳಲಾರದಷ್ಟು ಸಾಲ ಮಾಡಿದವನು ಒಳ್ಳೆಯ ಯಜಮಾನನಾಗಬೇಕೆಂದರೂ ಆಗಲಾರ.

ಅಳಿಯ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಹತ್ತು ದಿನಗಳ ಮೇಲೆ ಟೆಲಿಫೋನು ಮಾಡಿದ.

‘ಮಾವ, ಅಲ್ಲಿಗೆ ಹೋಗಿದ್ದೆ. ಎದುರಿಗೆ ಹಳೇ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಆ ಜಾಗದ ಪಕ್ಕಕ್ಕೇ ಕೆರೆಯ ಕೋಡಿಯ ಕಾಲುವೆ ಇತ್ತಂತೆ. ದೊಡ್ಡ ಮಳೆ ಬಂದಾಗ ಮೊಣಕಾಲುದ್ದ ನೀರು ನಿಲ್ಲುತ್ತೆ ಅಂದರು. ಜಾಹೀರಾತಿನಲ್ಲಿ ಅಲ್ಲಿ ತೋಟ ಬರೆದಿದ್ದಾರೆ.’

‘ಮತ್ತೆ ಏನು ಮಾಡುತ್ತಿ?’ ಎಂದೆ.

‘ಅಪ್ಪನ ಮನೆ ಹಿತ್ತಲಲ್ಲಿ ಜಾಗ ಇದೆಯಲ್ಲ, ಅದನ್ನು ಅಳೆಸ್ತಿದ್ದೀನಿ. ಒಂದು ಬಿಡಾರ ಆಗುತ್ತೇನೋ ನೋಡೋಣ.’